ಫ್ಲೆಕ್ಸ್ ಮೇಲಿನ ಗ್ಯಾಲಕ್ಸಿ

ಶ್ರೀಪಾಲಪ್ಪನವರಿಗೆ ಒಂದು ಚಟವಿತ್ತು. ತಂಬಾಕಲ್ಲ, ಇಸ್ಪೀಟಲ್ಲ, ಅಂಥವನ್ನೆಲ್ಲ ಅವರು ಹುಟ್ಟಿದಾಗಿನಿಂದ ಬಾಗಿಲಾಚೆಯೇ ನಿಲ್ಲಿಸಿದ್ದರು. ದಿನಾ ಬೆಳಿಗ್ಗೆ ಚಹಾದ ಜೊತೆಗೆ ಸೊಸೆಯ ಬಾಯಿಂದ ಆಕಾಶದ ಸುದ್ದಿ ಕೇಳಬೇಕು, ಇದೇ ಆ ಚಟ. ಮಂದಿ ಪೇಪರು ಓದುತ್ತಾರೆ, ರೇಡಿಯೋ ಹಚ್ಚುತ್ತಾರೆ. ಇವರಿಗೆ ಗ್ಯಾಲಕ್ಸಿ ಬೇಕು. ಕೇಳಿದ್ದರಲ್ಲಿ ಕಾಲು ಭಾಗ ತಿಳಿಯುತ್ತಿತ್ತು, ಅರ್ಧ ಭಾಗ ತಿಳಿದ ಹಾಗೆ ಅನಿಸುತ್ತಿತ್ತು, ಉಳಿದದ್ದಕ್ಕೆ ‘ಹೌದ್ಹೌದು’ ಎಂದು ತಲೆಯಾಡಿಸಿ ಬಿಸ್ಕೀಟು ಅದ್ದುತ್ತಿದ್ದರು.

ಸೊಸೆ ತ್ರಿಶಲಾ ಕಸಬೆ ಡಿಗ್ರಜ ಎಂಬ ಊರಿನ, ಕಬ್ಬು ಬೆಳೆಯುವ ಮನೆತನದ ಹುಡುಗಿ. ಪುಣೆಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ಪಿಎಚ್‌ಡಿಗೆ ಹೆಸರು ಹಚ್ಚಿದ್ದಳು. ಅರ್ಧ ತಿಂಗಳು ಅಲ್ಲಿ, ಅರ್ಧ ತಿಂಗಳು ಸಾಂಗಲಿಯ ವಿಶ್ರಾಮಬಾಗದ ಈ ಮನೆಯಲ್ಲಿ. ಮದುವೆಯಾದ ಮೇಲೆ ಸೊಸೆಯನ್ನು ಓದಲಿಕ್ಕೆ ಬಿಟ್ಟವರು ಶ್ರೀಪಾಲಪ್ಪನವರೇ. ಬಿಟ್ಟದ್ದಷ್ಟೇ ಅಲ್ಲ, ನಕ್ಷತ್ರ ಓದುವವಳು ಬರುತ್ತಾಳೆಂದು ಮಾಳಿಗೆಗೆ ಸುಣ್ಣ ಬಳಿಸಿ, ಒಂದು ಪ್ಲಾಸ್ಟಿಕ್ ಕುರ್ಚಿ ಇಡಿಸಿ, ರಾತ್ರಿ ಹತ್ತಲು ಅನುಕೂಲವಾಗಲೆಂದು ಮೆಟ್ಟಿಲಿಗೆ ದೀಪವನ್ನೂ ಹಾಕಿಸಿದ್ದರು. ಪಾಪ! ಸೊಸೆ ರಾತ್ರಿ ಹತ್ತಕ್ಕೆ ಮಲಗಿ ಗೊರಕೆ ಹೊಡೆಯುತ್ತಿದ್ದಳು. ಆಕೆ ನೋಡುವುದೆಲ್ಲ ಹಗಲು ಹೊತ್ತಿನಲ್ಲಿ, ಕಂಪ್ಯೂಟರಿನ ಪರದೆಯ ಮೇಲೆ. ದೂರದ ಯಾವುದೋ ದೇಶದ ಗುಡ್ಡದ ಮೇಲೆ ದೊಡ್ಡ ದುರ್ಬೀನು ನಿದ್ದೆಗೆಡುತ್ತಿತ್ತು, ಅದು ಹಿಡಿದ ಬೆಳಕು ಹೊಸದಾಗಿ ಬಂದ ಬ್ರಾಡ್‌ಬ್ಯಾಂಡಿನ ತಂತಿಯಲ್ಲಿ ವಿಶ್ರಾಮಬಾಗಕ್ಕೆ ಬರುತ್ತಿತ್ತು. ಮಾಳಿಗೆಯ ಕುರ್ಚಿಯ ಮೇಲೆ ಛಾಯಾಬಾಯಿ ಸಂಡಿಗೆ ಒಣಹಾಕಿದರು.

ಛಾಯಾಬಾಯಿ ಎಂದರೆ ಶ್ರೀಪಾಲಪ್ಪನವರ ಹೆಂಡತಿ. ಕನ್ನಡ ಬಲ್ಲವರೇ, ಆದರೆ ಟಿವಿಯ ಧಾರಾವಾಹಿಗಳು ಶುರುವಾದ ಮೇಲೆ ಅಳುವುದನ್ನೂ ಮರಾಠಿಯಲ್ಲಿ ಕಲಿತಿದ್ದರು. ಮಗ ತುಷಾರ ಮಿರಜ ರಸ್ತೆಯ ಒಂದು ಮೋಟಾರ್‌ಸೈಕಲ್ ಷೋರೂಮಿನಲ್ಲಿ ಕೆಲಸಕ್ಕಿದ್ದ. ಅವನಿಗೆ ಕನ್ನಡ ತಿಳಿಯುತ್ತಿತ್ತು, ನಾಲಿಗೆಗೆ ಬರುತ್ತಿರಲಿಲ್ಲ. ಅಪ್ಪ ಕನ್ನಡದಲ್ಲಿ ಬೈದರೆ ಮಗ ಮರಾಠಿಯಲ್ಲಿ ತಪ್ಪೊಪ್ಪಿಕೊಳ್ಳುತ್ತಿದ್ದ. ಹೀಗಾಗಿ ಆ ಮನೆಯಲ್ಲಿ ಶ್ರೀಪಾಲಪ್ಪನವರ ಜೊತೆ ಬಾಯ್ತುಂಬ ಕನ್ನಡ ಮಾತಾಡುವವಳು ತ್ರಿಶಲಾ ಒಬ್ಬಳೇ. ಅದೂ ಎಂಥ ಮಾತು! ಒಮ್ಮೆ ಶುರು ಮಾಡಿದಳೆಂದರೆ ಚಹಾ ಆರಿ, ಕೆನೆಗಟ್ಟಿ, ಅದರ ಮೇಲೆ ನೊಣ ಕೂತರೂ ನಿಲ್ಲಿಸುವವಳಲ್ಲ.

“ಮಾಮಾ, ಹೊಸಾ ನಕ್ಷತ್ರ ಹುಟ್ಟತಾವಲ್ಲ, ಅವು ಭಾಳ ಬಿಸಿ ಇರ್ತಾವ್ರಿ. ಸುತ್ತಲೂ ಹೈಡ್ರೋಜನ್ ಅನಿಲ ಇರತೈತಿ. ಆ ಬಿಸಿಗೆ ಅನಿಲ ಹೊಳೀತೈತಿ. ಹೊಳೆಯೂದು ಮನಸಿಗೆ ಬಂದ ಬಣ್ಣದಾಗ ಅಲ್ಲ, ತನ್ನ ಗೊತ್ತಿನ ಬಣ್ಣದಾಗ. ನಾವು ಆ ಗ್ಯಾಲಕ್ಸಿ ಬೆಳಕನ್ನ ಒಡದು ಉದ್ದಕ ಹರವಿದ್ವಿ ಅಂದ್ರ ಅಲ್ಲೊಂದು ಗೆರಿ ಎದ್ದು ಕಾಣತೈತಿ. ಅದ ಸ್ಪೆಕ್ಟ್ರಮ್.”

“ಗೆರಿ ನೋಡಿ ಏನ್ ತಿಳೀತೈತಿ?”

“ಗೆರಿ ಎಷ್ಟು ಜೋರೈತಿ ಅಂತ ನೋಡಿದ್ರ, ವರ್ಷಕ್ಕ ಎಷ್ಟು ಸೂರ್ಯ ಹುಟ್ಟಾಕತ್ತಾವ ಅಂತ ತಿಳೀತೈತಿ. ತನ್ನ ಜಾಗಾ ಬಿಟ್ಟು ಕೆಂಪಿನ ಕಡೆ ಎಷ್ಟು ಸರದೈತಿ ನೋಡಿದ್ರ, ಎಷ್ಟು ದೂರ ಐತಿ ಅಂತ ತಿಳೀತೈತಿ. ದಾರ್ಯಾಗ ಬರೂದ್ರಾಗ ವಿಶ್ವನ ಹಿಗ್ಗತೈತ್ರಿ. ಅದರ ಕೂಡ ಬೆಳಕೂ ಹಿಗ್ಗಿ ಕೆಂಪಾಗತೈತಿ.”

“ಅಂದ್ರ ಎಂದೋ ಹುಟ್ಟಿದ ಕೂಸಿನ ಸುದ್ದಿ ನಮಗ ಇವತ್ತ ಬಂತು.”

“ಖರೇ ಮಾಮಾ. ಆ ಕೂಸು ಇಷ್ಟೊತ್ತಿಗೆ ಮುದುಕ ಆಗಿ ಸತ್ತೂ ಹೋಗಿರತೈತಿ.”

“ವರ್ಷಕ್ಕ ಎಷ್ಟು ಹುಟ್ಟತಾವ ಅಂದಿ?”

“ಕೆಲವು ಕಡೆ ನೂರು, ನೂರಾ ಹತ್ತು.”

ಅಡುಗೆಮನೆಯಿಂದ ಛಾಯಾಬಾಯಿ, “ಅವ್ವಯ್ಯ, ಆ ಊರಾಗ ಸೂಲಗಿತ್ತಿಗೆ ಪುರುಸೊತ್ತ ಇಲ್ಲ ಬಿಡ್ರಿ,” ಎಂದರು. ಮಾವ-ಸೊಸೆ ಇಬ್ಬರೂ ಬಿದ್ದು ಬಿದ್ದು ನಕ್ಕರು. ಶ್ರೀಪಾಲಪ್ಪನವರ ಬೆಳಗು ಹೀಗೆ ಆಗಬೇಕು. ಹೀಗೆ ಆಗದ ದಿನ, ಅಂದರೆ ಸೊಸೆ ಪುಣೆಗೆ ಹೋದ ದಿನಗಳಲ್ಲಿ, ಅವರು ಸುಮ್ಮಸುಮ್ಮನೆ ತುಷಾರನ ಮೇಲೆ ಹರಿಹಾಯುತ್ತಿದ್ದರು.

ಒಂದು ಬೆಳಿಗ್ಗೆ ತ್ರಿಶಲಾ ಮೆಟ್ಟಿಲು ಹಾರಿಕೊಂಡು ಇಳಿದು ಬಂದಳು. “ಮಾಮಾ, ಒಂದು ಗೆರಿ ಸಿಕ್ಕೈತಿ. ಒಂದ ಒಂದು. ಕೆಂಪಿನ ತುತ್ತತುದಿಗೆ ಐತಿ. ಅದು ಹೈಡ್ರೋಜನ್ ಗೆರಿ ಆಗಿದ್ರ, ಬೆಳಕು ಅಲ್ಲಿಂದ ಹೊಂಟು ಸಾವಿರದ ಎರಡುನೂರು ಕೋಟಿ ವರ್ಷಕ್ಕೂ ಹೆಚ್ಚಾಗೇತಿ. ನಮ್ಮ ಗುಂಪಿನವ್ರು ನೋಡಿದ್ರಾಗ ಎಲ್ಲಾಕಿಂತ ದೂರದ್ದು! ಆಗಿದ್ರ ಮತ್ತ. ಒಂದ ಗೆರಿ ನೋಡಿ ಹೇಳಾಕ ಬರೂದಿಲ್ಲ. ಇನ್ನೂ ಸೂಕ್ಷ್ಮ ಯಂತ್ರದಾಗ ಹಾಕಿ ನೋಡಿ ಕಳಸ್ತೀವಿ ಅಂದಾರ.”

ಶ್ರೀಪಾಲಪ್ಪನವರು ಕೊನೆಯ ಮೂರು ಮಾತು ಕೇಳಿಸಿಕೊಂಡರೋ ಇಲ್ಲವೋ, ಆ ಜಿನೇಂದ್ರನಿಗೇ ಗೊತ್ತು. ಅವರು ಆಗಲೇ ಚಪ್ಪಲಿ ಹುಡುಕುತ್ತಿದ್ದರು.

ಈ ಮನುಷ್ಯ ನಲವತ್ತು ವರ್ಷ ಸಾಂಗಲಿಯ ಮಾರ್ಕೆಟ್ ಯಾರ್ಡಿನಲ್ಲಿ ಅರಿಶಿಣದ ದಲಾಲಿ ಮಾಡಿದವರು. ಚೀಲದ ಬಾಯಿ ನೋಡಿ ಎಂದೂ ದರ ಹೇಳಿದವರಲ್ಲ. ತಳದಿಂದ ಕೊಂಬು ತೆಗೆಸಿ, ಮುರಿದು, ಒಳಗಿನ ಬಣ್ಣ ನೋಡಿ, ಮೂಸಿ, ಆಮೇಲೆ ಟವೆಲ್ಲಿನ ಕೆಳಗೆ ಎದುರಿನವನ ಬೆರಳು ಹಿಡಿದು ಗುಟ್ಟಾಗಿ ದರದ ಸೌದಾ ಮಾಡುತ್ತಿದ್ದರು. ಈಗ ವ್ಯಾಪಾರ ತಮ್ಮನ ಮಗ ನೋಡಿಕೊಂಡರೂ ಅಭ್ಯಾಸ ಬಲದಿಂದ ದಿನಾ ಯಾರ್ಡಿಗೆ ಹೋಗಿ ಕೂಡುತ್ತಿದ್ದರು. ಅಂಥ ಪರೀಕ್ಷೆಯ ಮನುಷ್ಯ ಸೊಸೆಯ ವಿಷಯ ಬಂದಕೂಡಲೆ ಚೀಲ ಬಿಚ್ಚದೆಯೇ ಹರಾಜು ಕೂಗಿಬಿಟ್ಟರು.

ಕೂಗಿದ್ದು ಲಗಮಣ್ಣನ ಮುಂದೆ. ಲಗಮಣ್ಣ ಹಳೆಯ ಗೆಳೆಯ, ಪಕ್ಕದ ಅಂಗಡಿಯ ದಲಾಲಿ, ಎದುರಿನವರ ಕಾಲೆಳೆಯದೆ ಅನ್ನ ಅರಗದ ಆಸಾಮಿ. ಮೊದಲ ಕಪ್ಪು ಚಹಾ ಮುಗಿಯುವ ತನಕ ಶ್ರೀಪಾಲಪ್ಪನವರ ಮಾತಿನಲ್ಲಿ ‘ಆಗಿದ್ರ’ ಇತ್ತು. ಎರಡನೇ ಕಪ್ಪಿಗೆ ಅದು ಉದುರಿಹೋಯಿತು. ಲಗಮಣ್ಣ ಅಪರೂಪಕ್ಕೆ ಬೆರಗಾಗಿ ಜೈನ ಸಮಾಜದ ಅಧ್ಯಕ್ಷ ದಿಲೀಪನಿಗೆ ಹೇಳುವಾಗ ‘ನಮ್ಮ ಗುಂಪಿನವ್ರು ನೋಡಿದ್ರಾಗ’ ಎಂಬುದು ‘ಇಡೀ ದೇಶದಾಗ’ ಎಂದಾಯಿತು. ದಿಲೀಪ ವಿಶ್ರಾಮಬಾಗದಲ್ಲಿ ಫ್ಲ್ಯಾಟು ಕಟ್ಟಿಸಿ ಮಾರುವ ಹುರುಪಿನ ಮನುಷ್ಯ. ಅವನು ದೇಶಕ್ಕೆಲ್ಲ ನಿಲ್ಲುವವನೇ? ನೇರ ವಿಶ್ವಕ್ಕೇ ಹೋದ.

ಆಗ ಸಾಂಗಲಿ-ಮಿರಜಕ್ಕೆ ಫ್ಲೆಕ್ಸಿನ ಹುಚ್ಚು ಹೊಸದಾಗಿ ಹಿಡಿದಿತ್ತು. ಮೊದಲಾದರೆ ಪೇಂಟರು ಏಣಿ ಹತ್ತಿ ವಾರಗಟ್ಟಲೆ ಬರೆಯಬೇಕಿತ್ತು. ಈಗ ಮಷೀನು ಒಂದು ತಾಸಿನಲ್ಲಿ ಎಮ್ಮೆಯಷ್ಟು ದೊಡ್ಡ ಮುಖ ಉಗುಳುತ್ತಿತ್ತು. ಹತ್ತನೇ ಪಾಸಾದವನಿಗೊಂದು ಫ್ಲೆಕ್ಸ್, ಹುಟ್ಟುಹಬ್ಬದವನಿಗೊಂದು ಫ್ಲೆಕ್ಸ್, ಹೊಸ ಜೀಪು ಕೊಂಡವನಿಗೆ ಜೀಪಿನ ಜೊತೆಗೊಂದು ಫ್ಲೆಕ್ಸ್. ತ್ರಿಶಲಾ ಎರಡು ದಿನದ ಮಟ್ಟಿಗೆ ಪುಣೆಗೆ ಹೋಗಿ ಬರುವಷ್ಟರಲ್ಲಿ ವಿಶ್ರಾಮಬಾಗದ ಚೌಕದಲ್ಲಿ ಅವಳದೂ ಎದ್ದಿತ್ತು.

ನೋಡುವಂಥದ್ದೇ ಬಿಡಿ. ಫೋಟೋ ಬೇಕೆಂದಾಗ ಶ್ರೀಪಾಲಪ್ಪನವರು ಮದುವೆಯ ಆಲ್ಬಮ್ಮಿನಿಂದ ಒಂದು ಕೊಟ್ಟಿದ್ದರು. ಹೀಗಾಗಿ ವಿಜ್ಞಾನಿ ತ್ರಿಶಲಾ ಹಣೆಗೆ ಮುತ್ತಿನ ಮುಂಡಾವಳಿ ಕಟ್ಟಿಕೊಂಡು ನಾಚಿ ನಿಂತಿದ್ದಳು, ಪಕ್ಕದಲ್ಲಿ ಕತ್ತರಿಸಿ ಉಳಿದ ತುಷಾರನ ಅರ್ಧ ಭುಜವಿತ್ತು. ಆಕೆಯ ನಿಜವಾದ ಗ್ಯಾಲಕ್ಸಿ ಕಂಪ್ಯೂಟರಿನಲ್ಲಿ ಸೊಳ್ಳೆ ಕೂತ ಹಾಗೆ ಕಾಣುತ್ತಿತ್ತು; ಅದನ್ನು ಯಾರು ನೋಡುತ್ತಾರೆಂದು ಫ್ಲೆಕ್ಸಿನವನು ಉಂಗುರ ತೊಟ್ಟ ಶನಿಗ್ರಹವನ್ನು ಹಾಕಿದ್ದ. ಮೇಲೆ ದಪ್ಪ ಮರಾಠಿ ಅಕ್ಷರ: ವಿಶ್ವದಲ್ಲೇ ಎಲ್ಲಕ್ಕಿಂತ ದೂರದ ಗ್ಯಾಲಕ್ಸಿ ಹುಡುಕಿದ ಸಾಂಗಲಿಯ ಸೊಸೆಗೆ ಹಾರ್ದಿಕ ಅಭಿನಂದನೆ, ಬರುವ ಆದಿತ್ಯವಾರ ಭವ್ಯ ಸತ್ಕಾರ. ಕೆಳಗೆ ಶುಭ ಕೋರುವವರ ಸಾಲು ಮುಖಗಳು, ನಡುವೆ ಎಲ್ಲರಿಗಿಂತ ದೊಡ್ಡದಾಗಿ ಕೈಯಲ್ಲಿ ಮೊಬೈಲ್ ಹಿಡಿದ ದಿಲೀಪ, ತುದಿಯಲ್ಲಿ ತಂಪು ಕನ್ನಡಕದ ಲಗಮಣ್ಣ.

ತ್ರಿಶಲಾ ರಿಕ್ಷಾದಿಂದಲೇ ಅದನ್ನು ನೋಡಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳಂತೆ. ಮನೆಗೆ ಬಂದು, “ಮಾಮಾ, ಇದೇನ್ರಿ ಇದು? ನಾ ಇನ್ನೂ ಗೊತ್ತಿಲ್ಲಂತ ಹೇಳಿದ್ದೆನಲ್ಲ?” ಎಂದಳು.

“ಗೊತ್ತಾಗತೈತಿ ತಗೋ! ನಿನ್ನ ಗೆರಿ ಎಲ್ಲಿ ಹೋಗತೈತಿ?” ಎಂದರು ಶ್ರೀಪಾಲಪ್ಪನವರು. ಆ ದಿನ ಅವರು ತರಕಾರಿ ತರುವ ನೆಪದಲ್ಲಿ ನಾಲ್ಕು ಸಲ ಚೌಕ ದಾಟಿದ್ದರು. ಮನೆಗೆ ಬಂದದ್ದು ಬರೀ ಒಂದು ಕಟ್ಟು ಕೊತ್ತಂಬರಿ.

ಗೆರೆ ಎಲ್ಲಿಗೂ ಹೋಗಲಿಲ್ಲ. ಇದ್ದಲ್ಲೇ ಎರಡಾಯಿತು.

ಬುಧವಾರ ಬೆಳಿಗ್ಗೆ ತ್ರಿಶಲಾ ಕೆಳಗಿಳಿದು ಬಂದಾಗ ಕಣ್ಣು ಸ್ವಲ್ಪ ಕೆಂಪಾಗಿದ್ದವು. ಆದರೂ ಹೇಳಬೇಕೆಂಬ ಚಡಪಡಿಕೆ ಮುಖದ ತುಂಬ ಇತ್ತು. “ಮಾಮಾ, ಮೇಲ್ ಬಂತ್ರಿ. ಸೂಕ್ಷ್ಮ ಯಂತ್ರದಾಗ ಹಾಕಿ ನೋಡ್ಯಾರ. ಅದು ಒಂದ ಗೆರಿ ಅಲ್ಲ, ಒಂದಕ್ಕೊಂದು ಅಂಟಿಕೊಂಡ ಎರಡು ಗೆರಿ. ಮೊದಲಿನ ಯಂತ್ರಕ್ಕ ಬಿಡಿಸಾಕ ಆಗಿರಲಿಲ್ಲ. ಹೈಡ್ರೋಜನ್ನಿಗೆ ಹಿಂಗ ಜೋಡಿ ಇರೂದಿಲ್ಲ, ಇದು ಆಕ್ಸಿಜನ್ನಿನ ಜೋಡಿಗೆರಿ. ಅಂದ್ರ ಗ್ಯಾಲಕ್ಸಿ ಅಷ್ಟು ದೂರದ್ದಲ್ಲ, ಹತ್ತರದ್ದು. ನಾನ ತಪ್ಪು ತಿಳದಿದ್ದೆ. ಆದ್ರ ಅದು ಹ್ಯಾಂಗ ಸಿಕ್ಕಿಬಿತ್ತು ಗೊತ್ತೇನ್ರಿ? ಕೇಳ್ರಿ, ಭಾಳ ಮಜಾ ಐತಿ…”

“ತಡಿ ತಡಿ ತಡಿ,” ಎಂದರು ಶ್ರೀಪಾಲಪ್ಪನವರು. ಅವರ ಬಿಸ್ಕೀಟು ಮುರಿದು ಚಹಾದೊಳಗೆ ಬಿದ್ದಿತ್ತು. ಕಣ್ಣ ಮುಂದೆ ಗ್ಯಾಲಕ್ಸಿ ಇರಲಿಲ್ಲ, ತಂಪು ಕನ್ನಡಕದ ಲಗಮಣ್ಣನಿದ್ದ. “ಇದನ್ನ ಯಾರಿಗೆ ಹೇಳಿದಿ?”

“ಪುಣೆದಾಗ ಎಲ್ಲಾರಿಗೂ ಗೊತ್ತೈತಿ. ಇಲ್ಲಿ ನಿಮಗ ಮೊದಲು.”

“ನನಗ ಕಡೀಕನೂ ಆಗಲಿ. ಆದಿತ್ಯವಾರದ ತನಕ ಬಾಯಿ ಬಿಡಬ್ಯಾಡ. ಹೋಗು, ಶಾಲು ಹೊತ್ಕೊ, ನಗು, ಧನ್ಯವಾದ ಅನ್ನು, ಕುಂದ್ರು. ಆಮ್ಯಾಲ ನಿನ್ನ ಗ್ಯಾಲಕ್ಸಿ ಹತ್ತರ ಬರಲಿ, ಮನೀಗೇ ಬಂದು ಊಟ ಮಾಡಲಿ, ನಾ ಕೇಳೂದಿಲ್ಲ.”

“ಮಾಮಾ, ಸುಳ್ಳಿಗೆ ಹೊಚ್ಚೂ ಶಾಲು ನಾ ಹ್ಯಾಂಗ ಹೊತ್ಕೊಳ್ಳಿ?”

“ಶಾಲು ಖರೇದ ಇರತೈತಿ. ನೋಡು ಅವ್ವಾ, ಈಗ ಹೇಳಿದಿ ಅಂದ್ರ ಲಗಮಣ್ಣ ನಾ ಸತ್ತ ಮ್ಯಾಲೂ ಬಂದು ಆಡ್ಕೊಂಡು ನಗತಾನ. ನನ್ನ ಮಾರಿ ನೋಡಿ ಸುಮ್ಮನಿರು.”

ತ್ರಿಶಲಾ ನಿಜವಾಗಿಯೂ ಅವರ ಮುಖ ನೋಡಿದಳು. “ಆತ್ರಿ,” ಎಂದು ಮೇಲೆ ಹೋದಳು. ಶ್ರೀಪಾಲಪ್ಪನವರು ದೊಡ್ಡದಾಗಿ ಉಸಿರುಬಿಟ್ಟರು. ಸೌದಾ ಇಷ್ಟು ಸುಲಭಕ್ಕೆ ಮುಗಿಯುತ್ತದೆಂದು ಅವರು ಅಂದುಕೊಂಡಿರಲಿಲ್ಲ.

ಮುಗಿದಿರಲಿಲ್ಲ. ಮರುದಿನ ಬೆಳಿಗ್ಗೆ ತ್ರಿಶಲಾ ಚಹಾದ ಕಪ್ಪು ತಂದು ಮೇಜಿನ ಮೇಲಿಟ್ಟು, “ಚಹಾ ಠೇವಲಾಯ, ಮಾಮಾ,” ಎಂದಳು. ಚಹಾ ಇಟ್ಟಿದ್ದೇನೆ, ಅಷ್ಟೇ. ಮರಾಠಿಯಲ್ಲಿ. ಹೊರಟೇಹೋದಳು.

ಶ್ರೀಪಾಲಪ್ಪನವರ ಕೈ ಬಿಸ್ಕೀಟಿನ ಡಬ್ಬಿಯ ಮೇಲೆಯೇ ನಿಂತಿತು. ಸೊಸೆ ಛಾಯಾಬಾಯಿಯ ಜೊತೆ, ಗಂಡನ ಜೊತೆ, ಹಾಲಿನವನ ಜೊತೆ ಮರಾಠಿ ಮಾತಾಡುತ್ತಿದ್ದಳು; ಇವರ ಜೊತೆ ಈ ಎರಡು ವರ್ಷದಲ್ಲಿ ಮರಾಠಿಯ ಒಂದು ಶಬ್ದವೂ ಆಡಿದ್ದಿಲ್ಲ. “ಇವತ್ತ ಮ್ಯಾಲ ಏನರೆ ಹುಟ್ಟಿತೇನು?” ಎಂದು ಮೆಟ್ಟಿಲ ಬುಡದಲ್ಲಿ ನಿಂತು ಸಕ್ಕರೆ ಸುರಿವ ಧ್ವನಿಯಲ್ಲಿ ಕೂಗಿದರು. “ಕಾಹೀ ನಾಹೀ, ಮಾಮಾ,” ಎಂದು ಮೇಲಿನಿಂದ ಉತ್ತರ ಬಂತು. ಏನೂ ಇಲ್ಲವಂತೆ! ಇಡೀ ವಿಶ್ವದಲ್ಲಿ ಒಂದೂ ಹುಟ್ಟಿಲ್ಲವಂತೆ!

ಅವಳು ಸಿಟ್ಟು ಮಾಡಿ ಪಾತ್ರೆ ಕುಕ್ಕಿದ್ದರೆ ಅವರಿಗೆ ಸಮಾಧಾನವಾಗುತ್ತಿತ್ತು. ಅದೂ ಇಲ್ಲ. ಚಹಾ ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ಸಕ್ಕರೆ ಸರಿಯಾಗಿರುತ್ತಿತ್ತು, ಮಾತು ಮಾತ್ರ ಅಳೆದು ಮರಾಠಿಯಲ್ಲಿ ಬರುತ್ತಿತ್ತು. ಯಾರ್ಡಿನಲ್ಲಿ ಲಗಮಣ್ಣ, “ಏನಪಾ, ಇವತ್ತಿನ ಆಕಾಶವಾಣಿ?” ಎಂದು ಕೇಳಿದ. “ಇವತ್ತ ಅಲ್ಲಿ ಮೋಡ ಐತಂತ,” ಎಂದುಬಿಟ್ಟರು. ಅದರ ಮರುದಿನವೂ ಮೋಡವೇ ಇತ್ತು.

ಕೊನೆಗೆ ಹೆಂಡತಿಯ ಮುಂದೆ ಗೋಳಾಡಿಕೊಂಡರು. ಛಾಯಾಬಾಯಿ ಟಿವಿಯಿಂದ ಕಣ್ಣು ತೆಗೆಯದೆ, “ನೀವ ಬಾಯಿ ಮುಚ್ಚು ಅಂದ್ರಿ, ಆಕಿ ಮುಚ್ಯಾಳ. ಹೇಳಿದ ಮಾತು ಕೇಳೂ ಸೊಸಿ ಸಿಕ್ಕಾಳಂತ ಸಂತೋಷ ಪಡ್ರಿ,” ಎಂದರು. ಶ್ರೀಪಾಲಪ್ಪನವರಿಗೆ ಸಂತೋಷವಾಗಲಿಲ್ಲ. ಹಾಗಂತ ಸತ್ಕಾರ ನಿಲ್ಲಿಸುವ ಧೈರ್ಯವೂ ಬರಲಿಲ್ಲ. ಇನ್ನೇನು, ಒಂದು ಆದಿತ್ಯವಾರ ದಾಟಿದರೆ ಎಲ್ಲ ಮೊದಲಿನಂತಾಗುತ್ತದೆ ಎಂದು ತಮಗೆ ತಾವೇ ಹೇಳಿಕೊಂಡರು.

ಆದಿತ್ಯವಾರ ಬಂತು. ಸತ್ಕಾರ ಬಸದಿಯ ಪಕ್ಕದ ಸಮಾಜದ ಹಾಲ್‌ನಲ್ಲಿ, ಮಧ್ಯಾಹ್ನ ನಾಲ್ಕಕ್ಕೆ. ಜೈನರಾದ ಇವರಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲವಾದ್ದರಿಂದ ಕಾರ್ಯಕ್ರಮಗಳೆಲ್ಲ ಸೂರ್ಯನ ಕೈಯಲ್ಲಿ. ಭಾಷಣ ಉದ್ದವಾದರೆ ಜನ ಭಾಷಣಕಾರನನ್ನು ಬಿಟ್ಟು ಕಿಟಕಿಯ ಬಿಸಿಲು ನೋಡಲು ಶುರುಮಾಡುತ್ತಾರೆ. ಅಂದು ಶ್ರೀಖಂಡ-ಪೂರಿಯ ಅಡುಗೆ, ಮಸಾಲೆ ಅನ್ನದ ವಾಸನೆ ಸಭೆಯೊಳಗೇ ಬಂದು ಕೂತಿತ್ತು. ದಿಲೀಪ ಮಾತ್ರ ಯಾವ ವಾಸನೆಗೂ ಜಗ್ಗದೆ, ಮರಾಠಿಯಲ್ಲಿ, ಸಮಾಜ ಎಲ್ಲಿಂದ ಎಲ್ಲಿಗೆ ಬಂತು ಎಂಬುದನ್ನು ಹೇಳುತ್ತಿದ್ದ. ತನ್ನ ಹೊಸ ಫ್ಲ್ಯಾಟುಗಳ ದಾರಿಯಾಗಿಯೇ ಬಂತು ಎನ್ನುವ ಹಾಗಿತ್ತು.

ತ್ರಿಶಲಾಳ ತಲೆಗೆ ಕೇಸರಿ ಫೇಟಾ ಸುತ್ತಿದರು, ಶಾಲು ಹೊಚ್ಚಿದರು, ಕೈಗೆ ತೆಂಗಿನಕಾಯಿ ಕೊಟ್ಟರು. ಜನ ಚಪ್ಪಾಳೆ ತಟ್ಟಿದರು. “ದೋನ ಶಬ್ದ ಬೋಲಾ,” ಎರಡು ಮಾತಾಡು ಎಂದ ದಿಲೀಪ. ತ್ರಿಶಲಾ ಮೈಕಿನ ಮುಂದೆ ಬಂದು ‘ಧನ್ಯವಾದ’ ಎಂದಳು, ನಕ್ಕಳು, ಕೂತಳು. ಮಾವ ಹೇಳಿಕೊಟ್ಟದ್ದರಲ್ಲಿ ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಎರಡನೇ ಸಾಲಿನಲ್ಲಿ ಕೂತಿದ್ದ ಶ್ರೀಪಾಲಪ್ಪನವರಿಗೆ ಆ ನಗು ನೋಡಿ ಮೈ ಮುದುಡಿತು.

ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಹೆಂಗಸರ ಸಾಲಿನಿಂದ ಲಗಮಣ್ಣನ ಹೆಂಡತಿ ಶಾಲನ ಎದ್ದು ನಿಂತರು. ಅವರಿಗೆ ಚೇಷ್ಟೆ ಗೊತ್ತಿಲ್ಲ, ಅದರ ಪಾಲನ್ನೂ ಗಂಡನೇ ತಗೊಂಡಿದ್ದ. ನಿಜವಾಗಿಯೂ ತಿಳಿದುಕೊಳ್ಳುವ ಆಸೆಯಿಂದ, “ತ್ರಿಶಲಾ, ಅದು ಅಷ್ಟು ದೂರ ಐತಿ ಅಂತ ನಿನಗ ಹ್ಯಾಂಗ ಗೊತ್ತಾತವ್ವಾ? ಅಲ್ಲಿಗಿ ಯಾರೂ ಹೋಗಿಲ್ಲ, ಹಗ್ಗ ಹಿಡದು ಅಳದಿಲ್ಲ. ನಮಗೂ ತಿಳಿಯೂಹಾಂಗ ಹೇಳಲಾ?” ಎಂದು ಕೇಳಿದರು.

ಇಂಥ ಪ್ರಶ್ನೆಗಾಗಿ ತ್ರಿಶಲಾ ಪ್ರಾಣ ಕೊಡುವವಳು. ಅವಳ ಬಾಯಿ ತೆರೆಯಿತು, ಕೈ ಮೇಲೆದ್ದಿತು; ಬೆಳಕನ್ನು ಹರವುವುದನ್ನು ತೋರಿಸುವಾಗ ಅವಳ ಕೈ ಹಾಗೆಯೇ ಏಳುತ್ತಿತ್ತು. ಆಮೇಲೆ ಅವಳು ಮಾವನ ಕಡೆ ನೋಡಿದಳು. ಕೈ ತೆಂಗಿನಕಾಯಿಯ ಮೇಲೆ ಇಳಿಯಿತು. “ನಂತರ ಸಾಂಗತೇ, ಮಾವಶಿ,” ಎಂದಳು. ಆಮೇಲೆ ಹೇಳ್ತೀನಿ.

“ಚಲಾ, ಜೇವಾಯಲಾ!” ಎಂದು ದಿಲೀಪ ಊಟಕ್ಕೆ ಕರೆದ. ಜನ ಏಳತೊಡಗಿದರು. ಶ್ರೀಪಾಲಪ್ಪನವರೂ ಎದ್ದರು. ಆದರೆ ಅವರ ಕಾಲು ಊಟದ ಕಡೆ ಹೋಗಲಿಲ್ಲ, ವೇದಿಕೆ ಹತ್ತಿತು; ಕೈ ದಿಲೀಪನಿಂದ ಮೈಕು ಕಿತ್ತುಕೊಂಡಿತು. ಮೈಕು ಕಿರ್ ಎಂದು ಕೂಗಿತು. ಎದ್ದವರು ಅರ್ಧಕ್ಕೇ ನಿಂತರು.

ಅವರು ಮರಾಠಿಯಲ್ಲಿಯೇ ಶುರುಮಾಡಿದರು. “ಬಂಧು ಆಣಿ ಭಗಿನೀಂನೋ…” ಎರಡು ಮಾತಾಡುವಷ್ಟರಲ್ಲಿ ಮರಾಠಿ ಕೈಕೊಟ್ಟಿತು. ಎದೆಯಲ್ಲಿದ್ದದ್ದು ಅದರಲ್ಲಿ ಬರಲಿಲ್ಲ.

“ಆ ಫ್ಲೆಕ್ಸ್ ಸುಳ್ಳೈತಿ,” ಎಂದರು ಕನ್ನಡದಲ್ಲಿ. “ಗ್ಯಾಲಕ್ಸಿ ಅಷ್ಟು ದೂರದ್ದಲ್ಲ. ಆಕಿ ನನಗ ಮೊದಲ ಹೇಳಿದ್ಲು, ಇನ್ನೂ ನೋಡಬೇಕ್ರಿ ಅಂತ. ನಾ ಕೇಳಲಿಲ್ಲ, ಊರ ತುಂಬ ಡಂಗುರ ಹೊಡದೆ. ಬುಧವಾರ ಖರೇ ಏನಂತ ಗೊತ್ತಾತು. ತಾನ ಬಂದು ನನ್ನ ಮುಂದ ಹೇಳಿದ್ಲು, ತಪ್ಪಾಗೇತಿ ಮಾಮಾ ಅಂತ. ನಾನ ಆಕಿಗಿ ಬಾಯಿ ಮುಚ್ಚು ಅಂದೆ. ಮದುವ್ಯಾಗ ಆಕಿ ಅಪ್ಪನ ಕೈ ಹಿಡದು, ನಿಮ್ಮ ಮಗಳ ಕಲಿಯೂದಕ್ಕ ನಮ್ಮ ಮನ್ಯಾಗ ಯಾರೂ ಅಡ್ಡ ಬರೂದಿಲ್ಲ ಅಂದಿದ್ದೆ. ಅಡ್ಡ ಬಂದಾವ ನಾನ.”

ದಿಲೀಪ ಮೆಲ್ಲಗೆ, “ಫ್ಲೆಕ್ಸಚಂ ಕಾಯ ಮಗ?” ಎಂದು, ಫ್ಲೆಕ್ಸಿನ ಗತಿ ಏನೆಂದು ತನ್ನಷ್ಟಕ್ಕೇ ಕೇಳಿಕೊಂಡ. ಶ್ರೀಪಾಲಪ್ಪನವರು ಮೈಕು ಬಿಡಲಿಲ್ಲ. ಅರ್ಧ ಹೇಳಿ ಇಳಿಯುವುದು ಸರಿಯಲ್ಲವೆಂದು ಶಾಲನರಿಗೆ ಉತ್ತರವನ್ನೂ ತಾವೇ ಕೊಡಲು ಹೊರಟರು. “ಅದು ಹ್ಯಾಂಗಂದ್ರ ಶಾಲನವ್ವಾ, ಗ್ಯಾಲಕ್ಸಿ ಬೆಳಕು ಒಡದ್ರ ಗೆರಿ ಬರತಾವ. ದೂರಿದ್ರ ಗೆರಿ ಕೆಂಪಗಿರತೈತಿ. ಹತ್ತರಿದ್ರ… ಹತ್ತರಿದ್ರ ಅರಿಶಿಣ ಬಣ್ಣ ಇರತೈತಿ. ಹೈಡ್ರೋಜನ್ನಿಗೆ ಎರಡು ಗೆರಿ, ಆಕ್ಸಿಜನ್ನಿಗೆ ಒಂದು…”

“ಮಾಮಾ, ಹಾಂಗಲ್ಲರಿ!”

ಫೇಟಾ ಸುತ್ತಿದ ತಲೆ ಥಟ್ಟನೆ ಎದ್ದು ನಿಂತಿತ್ತು. “ಎಲ್ಲಾ ತಿರುವಿಮುರುವಿ ಹೇಳಾಕತ್ತೀರಿ! ಜೋಡಿಗೆರಿ ಆಕ್ಸಿಜನ್ನಿಗೆ. ಮತ್ತ ಅರಿಶಿಣ ನಡಕ ಎಲ್ಲಿಂದ ಬಂತ್ರಿ?”

ಸಭೆಗೆ ಸಭೆಯೇ ಗೊಳ್ಳೆಂದಿತು. ತುಂಬಿದ ಸಭೆಯಲ್ಲಿ ಸೊಸೆ ಮಾವನನ್ನು ತಿದ್ದಿದಳು. ಮಾವನ ಮುಖ ಮಾತ್ರ ಅರಳಿಹೋಯಿತು. ಅವರಿಗೆ ನಗು ಕೇಳಿಸಲಿಲ್ಲ, ಅವಳು ಕನ್ನಡದಲ್ಲಿ ಬೈದದ್ದು ಕೇಳಿಸಿತು. “ಮತ್ತ ನೀನ ಹೇಳು,” ಎಂದು ಮೈಕು ಅವಳ ಕೈಗಿಟ್ಟು, ಇಳಿದು ಬಂದು, ಮುಂದಿನ ಜಮಖಾನೆಯ ಮೇಲೆ ಕಾಲು ಮಡಿಚಿ ಕೂತರು.

ತ್ರಿಶಲಾ ಹೇಳಿದಳು. ಕೈ ಹರವಿ ಬೆಳಕು ಹರವಿದಳು. ಆಗತಾನೆ ಹುಟ್ಟಿದ ನಕ್ಷತ್ರಗಳ ಕಾವಿಗೆ ಅನಿಲ ಹೊಳೆಯುವುದನ್ನು, ಗೆರೆ ಕೆಂಪಿಗೆ ಸರಿಯುವುದನ್ನು, ಎರಡು ಗೆರೆ ಒಂದರ ವೇಷ ಹಾಕಿ ತನಗೆ ಟೋಪಿ ಹಾಕಿದ್ದನ್ನು ಹೇಳಿದಳು. ಲಗಮಣ್ಣ ತಡೆಯಲಾರದೆ, “ಹತ್ತರ ಹತ್ತರ ಅಂತೀ, ಎಷ್ಟು ಹತ್ತರ?” ಎಂದ.

“ಬೆಳಕು ಹೊಂಟು ಒಂಬೈನೂರು ಕೋಟಿ ವರ್ಷಕ್ಕ ಸ್ವಲ್ಪ ಕಡಿಮಿ ಆಗೇತ್ರಿ, ಕಾಕಾ.”

ಲಗಮಣ್ಣ ಕನ್ನಡಕ ತೆಗೆದ. “ಇದು ಹತ್ತರ? ಶ್ರೀಪಾಲಾ, ಇಷ್ಟಕ್ಕ ದಿನಾ ಮೋಡ ಐತಿ ಅಂದ್ಯಾ?” ಮತ್ತೊಮ್ಮೆ ನಗು ಎದ್ದಿತು. ಶಾಲನ, ಅಲ್ಲಿಯೂ ಕೂಸುಗಳು ಹುಟ್ಟುತ್ತಿವೆಯೇ ಎಂದು ಕೇಳಿದರು. ವರ್ಷಕ್ಕೆ ಹತ್ತು ಹನ್ನೆರಡು ಸೂರ್ಯ ಎಂದಳು ತ್ರಿಶಲಾ. ಸುಖವಾಗಿರಲಿ ಎಂದರು ಶಾಲನ.

ಅಷ್ಟರಲ್ಲಿ ಅಡುಗೆಯವನು ಬಾಗಿಲಿಗೆ ಬಂದು, ಹೊತ್ತು ಮುಳುಗಲಿಕ್ಕೆ ಬಂತು, ಎಲೆ ಹಾಕಿದ್ದೇನೆ ಎಂದು ಕೂಗಿದ. ಇನ್ನು ಯಾರು ನಿಲ್ಲುತ್ತಾರೆ? ಕಿಟಕಿಯ ಬಿಸಿಲು ಗೋಡೆ ಹತ್ತಿತ್ತು. ದಿಲೀಪ ಮೊದಲು ಓಡಿದ, ಹಿಂದೆ ಲಗಮಣ್ಣ, ಹಿಂದೆ ಇಡೀ ಸಮಾಜ. ಶಾಲನ ಕೂಡ ಅರೆಮನಸ್ಸಿನಿಂದ ಹೋದರು. ಜಮಖಾನೆಯ ಮೇಲೆ ಶ್ರೀಪಾಲಪ್ಪನವರು ಒಬ್ಬರೇ ಉಳಿದರು.

ಛಾಯಾಬಾಯಿ ಬಾಗಿಲಿನಿಂದ, “ಏಳ್ರಿ, ಹೊತ್ತು ಮುಳುಗಿದ್ರ ಇನ್ನ ನಾಳಿ ಮುಂಜಾನಿಗೇ ನೋಡ್ರಿ! ಶ್ರೀಖಂಡ ಐತಿ!” ಎಂದು ಕೂಗಿ ಹೋದರು. ತ್ರಿಶಲಾ ಮೈಕು ಇಳಿಸಿದಳು. “ಹೋಗ್ರಿ ಮಾಮಾ, ಊಟ ಮಾಡ್ರಿ. ಉಳದದ್ದು ಮನ್ಯಾಗ ಹೇಳ್ತೀನಿ.”

ಶ್ರೀಪಾಲಪ್ಪನವರು ಏಳಲಿಲ್ಲ.

“ಒಂದು ಹೊತ್ತು ಹಸದಿರಾಕ ಬರತೈತಿ ನನಗ, ಹುಟ್ಟಿದಾಗಿಂದ ರೂಢಿ ಐತಿ. ಈ ನಾಕ ದಿನ ನಿನ್ನ ಮಾತಿಲ್ಲದ ಇದ್ದೆ ನೋಡು, ಅದು ಮಾತ್ರ ನನ್ನ ಕೈಲಿ ಆಗೂದಿಲ್ಲವ್ವಾ,” ಎಂದರು. ಕಣ್ಣು ಒರೆಸಿಕೊಂಡದ್ದನ್ನು ಮುಚ್ಚಿಡಲು ಹೋಗಲಿಲ್ಲ. “ಅವತ್ತ ಏನೋ ಮಜಾ ಐತಿ ಅಂದಿದ್ದಿ. ಆ ಎರಡನೇ ಗೆರಿ ಹ್ಯಾಂಗ ಸಿಕ್ಕಿಬಿತ್ತು?”

ತ್ರಿಶಲಾ ಫೇಟಾ ತೆಗೆದು ಪಕ್ಕಕ್ಕಿಟ್ಟಳು. ಹೊಚ್ಚಿದ್ದ ಶಾಲು ಜಾರಿ ಬಿದ್ದದ್ದನ್ನೂ ನೋಡದೆ ವೇದಿಕೆಯಿಂದ ಇಳಿದು ಬಂದು ಮಾವನೆದುರು ಜಮಖಾನೆಯ ಮೇಲೆ ಕೂತಳು.

“ಕೇಳ್ರಿ ಮತ್ತ,” ಎಂದಳು. “ಆದ್ರ ನಡಕ ಅರಿಶಿಣ ತರಬ್ಯಾಡ್ರಿ.”